ಕಾರಾಕೋರಂ ನಕ್ಷೆಗೆ ಇಳಿದ ಕಥೆ

ಮಕ್ಕಳೇ, ಶಾಲೆಯ ಗೋಡೆಯ ಮೇಲಿರುವ ಭಾರತದ ನಕ್ಷೆಯ ಮುಂದೆ ಒಮ್ಮೆ ನಿಂತು ನೋಡಿ. ಕಣ್ಣನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಹಾಯಿಸಿ. ಶ್ರೀನಗರ ದಾಟಿ ಉತ್ತರಕ್ಕೆ ಹೋದಂತೆ ಕಂದು ಬಣ್ಣ ಗಾಢವಾಗುತ್ತದೆ. ಅಲ್ಲೊಂದು ಶಿಖರವಿದೆ. ಅದರ ಎತ್ತರ 8,611 ಮೀಟರ್. ಎವರೆಸ್ಟ್ ಒಂದನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಅದರ ಹೆಸರು ಮಾತ್ರ ಸಿಟಿ ಬಸ್ಸಿನ ನಂಬರಿನ ಹಾಗಿದೆ: ಕೆ2!

ಮನುಷ್ಯ ಮೊದಲ ಬಾರಿ ಕೆ2ರ ತುದಿ ಮುಟ್ಟಿದ್ದು 1954ರಲ್ಲಿ. ಆದರೆ ಅದು ಜಗತ್ತಿನ ಎರಡನೇ ಎತ್ತರದ ಶಿಖರ ಎಂದು ಅದಕ್ಕೂ ಎಷ್ಟೋ ದಶಕ ಮೊದಲೇ ಗೊತ್ತಾಗಿತ್ತು. ಹತ್ತದೆಯೇ, ಹತ್ತಿರಕ್ಕೂ ಹೋಗದೆಯೇ ಒಂದು ಬೆಟ್ಟವನ್ನು ಅಳೆದದ್ದು ಹೇಗೆ? ಅದರ ಹಿಂದಿರುವ ಕಣಿವೆಯನ್ನು ಕಾಗದದ ಮೇಲೆ ತಂದದ್ದು ಯಾರು? ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿ ಓದಬೇಕಾದ ಕಥೆ ಇದು. ಇದರಲ್ಲಿ ಲೆಕ್ಕವಿದೆ, ನಡಿಗೆಯಿದೆ, ಹೆಸರೇ ತಿಳಿಯದ ಒಬ್ಬರ ಸಾಹಸವಿದೆ. ನಮ್ಮ ಬೆಂಗಳೂರೂ ಇದೆ.

ಮಳೆಯ ನೆರಳಿನ ನಾಡು

ಮರುಭೂಮಿ ಎಂದರೆ ನಮಗೆ ರಾಜಸ್ಥಾನದ ಸುಡುವ ಮರಳು ನೆನಪಾಗುತ್ತದೆ. ಲಡಾಖ್ ಕೂಡ ಮರುಭೂಮಿಯೇ. ಆದರೆ ಅದು ಆಕಾಶಕ್ಕೆ ಹತ್ತಿರದ, ಚಳಿಯ ಮರುಭೂಮಿ. ಅಲ್ಲಿನ ಲೇಹ್ ಪಟ್ಟಣ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಮತ್ತು ಹಿಮ ಎರಡನ್ನೂ ಕೂಡಿಸಿದರೂ ಸುಮಾರು 10 ಸೆಂಟಿಮೀಟರ್ ನೀರು. ನಿಮ್ಮ ಜಾಮೆಟ್ರಿ ಪೆಟ್ಟಿಗೆಯ ಸ್ಕೇಲಿಗಿಂತ ಕಡಿಮೆ!

ಕಾರಣ ಸರಳ. ದಕ್ಷಿಣದಿಂದ ಹೊರಟ ಮುಂಗಾರು ಮೋಡಗಳಿಗೆ ಮೊದಲು ಹಿಮಾಲಯದ ಗೋಡೆ ಅಡ್ಡ ಸಿಗುತ್ತದೆ. ಅಲ್ಲೇ ಹೊರೆ ಇಳಿಸಿ ಅವು ಹಗುರಾಗುತ್ತವೆ. ಗೋಡೆಯ ಆಚೆಗೆ ತಲುಪುವುದು ಒಣ ಗಾಳಿ. ಹೀಗಾಗಿ ಅಲ್ಲಿ ಕಾಡಿಲ್ಲ. ಕಣಿವೆಯ ತಳದಲ್ಲಿ ಹೊಳೆ ಹರಿಯುವ ಕಡೆ ಮಾತ್ರ ಒಂದಿಷ್ಟು ಹಸಿರು, ಬಾರ್ಲಿ ಹೊಲ, ನಾಲ್ಕು ಮನೆ. ಉಳಿದದ್ದೆಲ್ಲ ಬರೀ ಕಲ್ಲು. ನುಬ್ರಾ ಕಣಿವೆಯಲ್ಲಿ ಮರಳು ದಿಬ್ಬಗಳೂ ಇವೆ, ಎರಡು ಡುಬ್ಬದ ಒಂಟೆಗಳೂ ಇವೆ. ಅದೇ ದಿಬ್ಬದ ಮೇಲೆ ನಿಂತು ತಲೆಯೆತ್ತಿದರೆ ಹಿಮದ ಬೆಟ್ಟ ಕಾಣುತ್ತದೆ.

ಆ ಸಾಲಿಗೆ ಕಾರಾಕೋರಂ ಎಂದು ಹೆಸರು. ಅದರ ಬೆನ್ನ ಹಿಂದೆ ಊರಿಲ್ಲದ, ದಾರಿಯಿಲ್ಲದ ಒಂದು ಕಣಿವೆ ಇದೆ: ಶಕ್ಸ್‌ಗಾಮ್. ನಮ್ಮ ಕಥೆ ಕೊನೆಗೆ ಹೋಗಿ ಮುಟ್ಟುವುದು ಅಲ್ಲಿಗೆ. ಆರಂಭವಾಗುವುದು ಮಾತ್ರ ದಕ್ಷಿಣದಲ್ಲಿ, ಸಮತಟ್ಟಾದ ಬಯಲಿನಲ್ಲಿ.

ಬೆಂಗಳೂರಿನ ಬಯಲಿನಿಂದ

ಹಳ್ಳಿಯಲ್ಲಿ ಬೆಳೆದ ಅಜ್ಜಂದಿರಿಗೆ ಮೋಜಣಿ ಗೊತ್ತು. ಮೋಜಣಿದಾರರು ಸರಪಳಿ ಹಿಡಿದು ಹೊಲಕ್ಕೆ ಬರುತ್ತಿದ್ದರು. ಮೂಲೆಯ ಸರ್ವೆ ಕಲ್ಲಿನಿಂದ ಅಳೆಯಲು ತೊಡಗುತ್ತಿದ್ದರು. 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹೊಲವನ್ನೇನೋ ಸರಪಳಿಯಿಂದ ಅಳೆಯಬಹುದು. ಇಡೀ ದೇಶವನ್ನು?

ಟಿಪ್ಪು ಸುಲ್ತಾನನ ಕಾಲ ಮುಗಿದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಹತ್ತಿರ ಸುಮಾರು 12 ಕಿಲೊಮೀಟರ್ ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. ಇಂಥ ಗೆರೆಗೆ ಆಧಾರರೇಖೆ ಎಂದು ಹೆಸರು. ಸರಪಳಿ ನೆಲದ ಉಬ್ಬು ತಗ್ಗಿಗೆ ಬಾಗಬಾರದು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಹಾಗಾಗಿ ಥರ್ಮಾಮೀಟರ್ ನೋಡಿ ಆ ಕೂದಲೆಳೆಯಷ್ಟು ಹೆಚ್ಚಳವನ್ನೂ ಲೆಕ್ಕದಿಂದ ಕಳೆಯಬೇಕು. ವಾರಗಟ್ಟಲೆ ಹಿಡಿಯುವ ಕೆಲಸ ಅದು.

ಇಷ್ಟು ಕಷ್ಟಪಟ್ಟು ಒಂದು ಗೆರೆ ಅಳೆದರೆ ಮುಂದೆ ಸರಪಳಿಯನ್ನು ಮಡಚಿ ಇಡಬಹುದು. ಹೇಗೆ ಅನ್ನುತ್ತೀರಾ? ಕೆರೆಯ ಏರಿಯ ಮೇಲೆ 100 ಮೀಟರ್ ಅಳೆದುಕೊಳ್ಳಿ. ಆಚೆ ದಡದಲ್ಲಿ ಒಂದು ಗುಡಿಯ ಗೋಪುರ ಕಾಣುತ್ತಿದೆ. ಏರಿಯ ಈ ತುದಿಯಲ್ಲಿ ನಿಂತು ಗೋಪುರ ಎಷ್ಟು ಕೋನದಲ್ಲಿ ಕಾಣುತ್ತದೆ ನೋಡಿ. ಆ ತುದಿಗೆ ಹೋಗಿ ಇನ್ನೊಮ್ಮೆ ನೋಡಿ. ಕಾಗದದಲ್ಲಿ 100 ಮೀಟರಿಗೆ 10 ಸೆಂಟಿಮೀಟರ್ ಗೆರೆ ಎಳೆದು, ಎರಡೂ ತುದಿಯಿಂದ ಅದೇ ಕೋನಗಳನ್ನು ಹಾಕಿದರೆ ಎರಡು ಗೆರೆಗಳು ಒಂದು ಕಡೆ ಕೂಡುತ್ತವೆ. ಗೋಪುರ ಇರುವುದು ಅಲ್ಲೇ. ಕಾಲು ಒದ್ದೆಯಾಗದೆ ದೂರ ಸಿಕ್ಕಿತು!

ಈಗ ಏರಿಯಿಂದ ಗೋಪುರಕ್ಕಿರುವ ದೂರವೂ ನಿಮಗೆ ಗೊತ್ತು. ಅದನ್ನೇ ಹೊಸ ಆಧಾರವಾಗಿ ಇಟ್ಟುಕೊಂಡು ಅದರಾಚೆಯ ಗುಡ್ಡವನ್ನು ನೋಡಬಹುದು. ಹೀಗೆ ತ್ರಿಕೋನದ ಹೆಗಲ ಮೇಲೆ ತ್ರಿಕೋನ. ಕೋನ ಅಳೆಯುವ ದುರ್ಬೀನು ಕೂಡಿಸಿದ ಯಂತ್ರಕ್ಕೆ ಥಿಯೊಡೊಲೈಟ್ ಎನ್ನುತ್ತಾರೆ. ಲ್ಯಾಂಬ್ಟನ್ ಬಳಸಿದ ದೊಡ್ಡ ಥಿಯೊಡೊಲೈಟ್ ಸುಮಾರು ಅರ್ಧ ಟನ್ ಭಾರವಿತ್ತು.

1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆ ಅಳೆದು, ಅಲ್ಲಿಂದ ತ್ರಿಕೋನಗಳನ್ನು ಕಟ್ಟುತ್ತಾ ಅವರ ತಂಡ ಮತ್ತೆ ಬೆಂಗಳೂರಿಗೆ ಬಂತು. 1804ರಲ್ಲಿ ಇಲ್ಲಿ ಮತ್ತೊಮ್ಮೆ ಸರಪಳಿ ಹಾಕಿ ತಾಳೆ ನೋಡಿದರು. ಮದರಾಸಿನಿಂದ ತ್ರಿಕೋನದ ಲೆಕ್ಕದಲ್ಲಿ ಬಂದ ಉದ್ದಕ್ಕೂ ಸರಪಳಿ ಹೇಳಿದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿನೊಳಗೆ! ನಂಬಬಹುದಾದ ಲೆಕ್ಕ ಎಂದು ಖಾತ್ರಿಯಾಯಿತು. ಆ ತ್ರಿಕೋನಗಳ ಮಾಲೆ ಉತ್ತರಕ್ಕೆ ಬೆಳೆಯುತ್ತಾ ಡೆಹ್ರಾಡೂನ್ ಮುಟ್ಟಿತು. ಅಲ್ಲಿಂದ 1855ರ ಹೊತ್ತಿಗೆ ಕಾಶ್ಮೀರದ ಬೆಟ್ಟಗಳನ್ನು ಹತ್ತತೊಡಗಿತು.

ಹರಮುಖದಿಂದ ಕಂಡದ್ದು

ಕಾಶ್ಮೀರದ ಕೆಲಸದ ಹೊಣೆ ಹೊತ್ತವರು ಥಾಮಸ್ ಮಾಂಟ್‌ಗಮರಿ ಎಂಬ ಯುವ ಎಂಜಿನಿಯರ್. 1856ರಲ್ಲಿ ಅವರು ಹರಮುಖ ಬೆಟ್ಟದ ಮೇಲೆ, ಸುಮಾರು 5,000 ಮೀಟರ್ ಎತ್ತರದಲ್ಲಿ, ಥಿಯೊಡೊಲೈಟ್ ಹೂಡಿದರು. ದೂರದಲ್ಲಿ, 200 ಕಿಲೊಮೀಟರಿನಷ್ಟು ಆಚೆ, ಹಿಮದ ಸಾಲಿನ ನಡುವೆ ಎರಡು ಶಿಖರಗಳು ತಲೆಯೆತ್ತಿ ನಿಂತಿದ್ದವು. ಮಾಂಟ್‌ಗಮರಿ ಪುಸ್ತಕದಲ್ಲಿ ಅವುಗಳ ಚಿತ್ರ ಬಿಡಿಸಿದರು. ಹೆಸರು ಗೊತ್ತಿಲ್ಲ. ಕಾರಾಕೋರಂ ಪದದ ಮೊದಲ ಅಕ್ಷರ ಹಿಡಿದು ಒಂದಕ್ಕೆ ಕೆ1, ಇನ್ನೊಂದಕ್ಕೆ ಕೆ2 ಎಂದು ಗುರುತು ಹಾಕಿದರು. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ನಂಬರ್ ಬರೆಯುವ ಹಾಗೆ.

ಹಾಗಾದರೆ ಒಂದನೇ ನಂಬರಿನದೇ ಎತ್ತರ ಜಾಸ್ತಿ ಇರಬೇಕಲ್ಲವೇ? ಹರಮುಖದಿಂದ ನೋಡಿದರೆ ಕೆ1 ಹತ್ತಿರ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಹಾಕಿದಾಗ ಕೆ1 ಸುಮಾರು 7,800 ಮೀಟರಿಗೆ ನಿಂತಿತು, ಕೆ2 ಎಂಟು ಸಾವಿರ ದಾಟಿತು. ಕಣ್ಣಿನ ಅಂದಾಜನ್ನು ಗಣಿತ ತಿದ್ದಿತು.

ಆ ಗಣಿತವೂ ಸುಲಭದ್ದಲ್ಲ. ಭೂಮಿ ಚಪ್ಪಟೆ ಹಲಗೆಯಲ್ಲ, ಚೆಂಡು. 200 ಕಿಲೊಮೀಟರ್ ದೂರ ಹೋಗುವಷ್ಟರಲ್ಲಿ ಅದರ ಮೈ ನಮ್ಮ ನೇರ ನೋಟದಿಂದ ಸುಮಾರು 3 ಕಿಲೊಮೀಟರ್ ಕೆಳಗೆ ಬಾಗಿರುತ್ತದೆ. ಅದನ್ನು ಮರೆತರೆ ಮುಗಿಲು ಮುಟ್ಟುವ ಬೆಟ್ಟವೂ ಲೆಕ್ಕದಲ್ಲಿ ಕುಳ್ಳಾಗಿಬಿಡುತ್ತದೆ! ಜೊತೆಗೆ ಬೆಳಕೂ ನೇರವಾಗಿ ಬರುವುದಿಲ್ಲ. ನೀರಿನ ಲೋಟದಲ್ಲಿ ಇಟ್ಟ ಚಮಚ ಮುರಿದಂತೆ ಕಾಣುತ್ತದಲ್ಲ, ಹಾಗೆ ಗಾಳಿಯ ಪದರಗಳಲ್ಲಿ ಬೆಳಕೂ ಸ್ವಲ್ಪ ಬಾಗುತ್ತದೆ. ಇವೆರಡನ್ನೂ ಸರಿಪಡಿಸಿ, ಒಂದೇ ಶಿಖರವನ್ನು ಹಲವು ಕಡೆಗಳಿಂದ ನೋಡಿ, ಉತ್ತರಗಳು ತಾಳೆಯಾದ ಮೇಲಷ್ಟೇ ಎತ್ತರ ಎಂದು ಬರೆಯುತ್ತಿದ್ದರು.

ಆಮೇಲೆ ಸ್ಥಳೀಯರನ್ನು ವಿಚಾರಿಸಿದಾಗ ಕೆ1ಕ್ಕೆ ಮಾಶರ್‌ಬ್ರಮ್ ಎಂಬ ಹೆಸರಿದೆ ಎಂದು ತಿಳಿಯಿತು. ನಕ್ಷೆಯಲ್ಲಿ ಆ ಹೆಸರೇ ಉಳಿಯಿತು. ಕೆ2 ಎಷ್ಟು ಒಳಗಿತ್ತೆಂದರೆ ಯಾವ ಊರಿನ ಅಂಗಳದಿಂದಲೂ ಅದು ಕಾಣುತ್ತಿರಲಿಲ್ಲ. ಎಲ್ಲರೂ ಬಳಸುವ ಹೆಸರು ಸಿಗಲಿಲ್ಲ. ತಾತ್ಕಾಲಿಕ ಎಂದು ಬರೆದ ನಂಬರೇ ಕಾಯಂ ಆಯಿತು.

ಕಂಬ ಹೊತ್ತವರು

ಥಿಯೊಡೊಲೈಟಿನಲ್ಲಿ ನೋಡಲು ಎದುರಿನ ಬೆಟ್ಟದ ಮೇಲೆ ಗುರುತು ಬೇಕು. ಒಂದು ಕಂಬವೋ, ಕಲ್ಲಿನ ಗುಪ್ಪೆಯೋ, ಬಿಸಿಲನ್ನು ಪ್ರತಿಫಲಿಸುವ ಕನ್ನಡಿಯೋ ಇರಬೇಕು. ಅದನ್ನು ಅಲ್ಲಿಗೆ ಹೊತ್ತು ಹಾಕುವವರು ಯಾರು? ಸರ್ವೆ ತಂಡದ ಆಳುಗಳು. ಅವರಿಗೆ ಖಲಾಸಿಗಳು ಎನ್ನುತ್ತಿದ್ದರು. ಈಗಿನವರಂತೆ ಬೆಚ್ಚನೆಯ ಬೂಟು, ಆಮ್ಲಜನಕದ ಸಿಲಿಂಡರ್ ಅವರಿಗಿರಲಿಲ್ಲ. ಕಂಬಳಿ ಹೊದ್ದು, ಯಂತ್ರದ ಭಾಗಗಳನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುತ್ತಿದ್ದರು. ಮೋಡ ಸರಿದು ಎದುರಿನ ಬೆಟ್ಟ ಕಾಣುವವರೆಗೆ ತುದಿಯಲ್ಲೇ ದಿನಗಟ್ಟಲೆ ಕಾಯುತ್ತಿದ್ದರು.

1860ರಲ್ಲಿ ಸ್ಪಿತಿ ಎಂಬ ಇನ್ನೊಂದು ಎತ್ತರದ ಒಣ ಕಣಿವೆಯಲ್ಲಿ ಖಲಾಸಿಯೊಬ್ಬರು ಸರ್ವೆ ಕಂಬ ಹೊತ್ತು ಶಿಲ್ಲಾ ಎಂಬ ಶಿಖರ ಹತ್ತಿದರು ಎಂದು ದಾಖಲೆಯಿದೆ. ಆಗ ಆ ಶಿಖರದ ಎತ್ತರ 23,050 ಅಡಿ, ಅಂದರೆ 7,000 ಮೀಟರಿಗೂ ಹೆಚ್ಚು ಎಂದು ಬರೆದಿದ್ದರು. ಹಾಗಾಗಿ ಮನುಷ್ಯ ಅಲ್ಲಿಯವರೆಗೆ ಏರಿದ ಅತಿ ಎತ್ತರದ ಜಾಗ ಅದೇ ಎಂದು ಎಷ್ಟೋ ಕಾಲ ನಂಬಿದ್ದರು. ಅನಂತರ ಸರಿಯಾಗಿ ಅಳೆದಾಗ ಶಿಲ್ಲಾ ಸುಮಾರು 6,100 ಮೀಟರ್ ಎಂದು ತಿಳಿಯಿತು. ಎತ್ತರ ಕಡಿಮೆಯಾಯಿತು, ದಾಖಲೆ ಹೋಯಿತು. ಹೆಗಲ ಮೇಲಿದ್ದ ಕಂಬದ ಭಾರವೇನೂ ಕಡಿಮೆಯಾಗುವುದಿಲ್ಲವಲ್ಲ! ಅಡಿಯ ಲೆಕ್ಕವನ್ನು ತಿದ್ದಿ ತಿದ್ದಿ ಬರೆದವರು ಆ ಖಲಾಸಿಯ ಹೆಸರನ್ನು ಮಾತ್ರ ಒಮ್ಮೆಯೂ ಬರೆದಿಡಲಿಲ್ಲ.

ಮೇಜಿನ ಮೇಲೆ ಹಿಮನದಿ

ತ್ರಿಕೋನಗಳಿಂದ ಶಿಖರಗಳು ಎಲ್ಲೆಲ್ಲಿವೆ ಎಂದು ಗೊತ್ತಾಗುತ್ತದೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಚುಕ್ಕಿ ಕೂಡಿಸಿ ಚಿತ್ರ ಬಿಡಿಸುವುದು ಬೇರೆ ಕೆಲಸ. ಹೊಳೆ ಎಲ್ಲಿ ತಿರುಗುತ್ತದೆ, ಕಣಿವೆ ಎಲ್ಲಿ ಕವಲಾಗುತ್ತದೆ, ಯಾವ ಕಡೆ ಕಡಿದು, ಯಾವ ಕಡೆ ಇಳಿಜಾರು? ಅದಕ್ಕಾಗಿ ಮೂರು ಕಾಲಿನ ಮೇಲೆ ಒಂದು ಚಪ್ಪಟೆ ಹಲಗೆ ಇಟ್ಟು, ಮೇಲೆ ಕಾಗದ ಅಂಟಿಸುತ್ತಿದ್ದರು. ಇದು ಪ್ಲೇನ್ ಟೇಬಲ್. ಗುರಿ ನೋಡುವ ಕಿಂಡಿಯಿರುವ ಒಂದು ಪಟ್ಟಿಯನ್ನು ಹಲಗೆಯ ಮೇಲಿಟ್ಟು, ಶಿಖರದ ಕಡೆ ತಿರುಗಿಸಿ, ಅಲ್ಲೇ ಗೆರೆ ಎಳೆಯುತ್ತಿದ್ದರು.

ಇದರ ಲಾಭ ಏನೆಂದರೆ, ಕಣ್ಣೆದುರು ನೆಲ, ಕೈಕೆಳಗೆ ನಕ್ಷೆ. ತಪ್ಪಾದರೆ ಅಲ್ಲೇ ಗೊತ್ತಾಗುತ್ತದೆ. 1861ರಲ್ಲಿ ಹೆನ್ರಿ ಗಾಡ್ವಿನ್ ಆಸ್ಟಿನ್ ಇಂಥದೇ ಹಲಗೆ ಹಿಡಿದು ಬಾಲ್ತೊರೊ ಹಿಮನದಿಯನ್ನು ನಕ್ಷೆಗೆ ತಂದರು. ಹಿಮನದಿ ಎಂದರೆ ನಿಧಾನವಾಗಿ ಜಾರುವ ಮಂಜುಗಡ್ಡೆಯ ಹೊಳೆ. ಬಾಲ್ತೊರೊ ಸುಮಾರು 60 ಕಿಲೊಮೀಟರ್ ಉದ್ದವಿದೆ. ಬೆರಳು ಮರಗಟ್ಟಿದ ಚಳಿಯಲ್ಲಿ ಪೆನ್ಸಿಲ್ ಹಿಡಿದು ಸಣ್ಣ ಗೆರೆ ಎಳೆಯುವುದು ಹೇಗಿರಬಹುದು, ಯೋಚಿಸಿ.

ಎಣಿಸುತ್ತಾ ನಡೆದ ಮೇಷ್ಟ್ರು

ಕಾರಾಕೋರಂ ಸಾಲಿನ ಆಚೆ ಬೇರೆ ರಾಜ್ಯಗಳು. ಅಲ್ಲಿ ಥಿಯೊಡೊಲೈಟ್ ಹಿಡಿದ ಯುರೋಪಿನವರು ಕಾಲಿಟ್ಟರೆ ಜೀವಕ್ಕೆ ಅಪಾಯ. ಆಗ ಮಾಂಟ್‌ಗಮರಿ ಬೇರೆ ದಾರಿ ಹುಡುಕಿದರು. ಈ ಕಡೆಯ ವ್ಯಾಪಾರಿಗಳು, ಯಾತ್ರಿಕರು ಆಚೆ ಹೋಗಿ ಬರುತ್ತಲೇ ಇದ್ದರಲ್ಲ, ಅಂಥವರಿಗೇ ಸರ್ವೆ ಕಲಿಸಿದರೆ?

ಹಾಗೆ ಮೊದಲು ಹೊರಟವರು ಅಬ್ದುಲ್ ಹಮೀದ್ ಎಂಬ ಮುನ್ಷಿ. 1863ರಲ್ಲಿ ಅವರು ವ್ಯಾಪಾರಿಗಳ ತಂಡದೊಡನೆ ಲೇಹ್ ಬಿಟ್ಟು ಕಾರಾಕೋರಂ ಘಾಟಿ ದಾಟಿ ಯಾರ್ಕಂಡ್ ಪಟ್ಟಣ ಸೇರಿದರು. ಸಣ್ಣ ಉಪಕರಣಗಳನ್ನು ಬಚ್ಚಿಟ್ಟುಕೊಂಡು ಆ ಚಳಿಗಾಲವೆಲ್ಲ ಗುಟ್ಟಾಗಿ ಅಳತೆ ಮಾಡಿದರು. ಮರುವರ್ಷ ವಾಪಸು ಬರುವ ದಾರಿಯಲ್ಲಿ, ಲೇಹ್ ಇನ್ನೂ ಮುಂದಿರುವಾಗಲೇ, ತೀರಿಕೊಂಡರು. ಅವರ ಟಿಪ್ಪಣಿಗಳು ಮಾತ್ರ ಮಾಂಟ್‌ಗಮರಿಯವರ ಕೈ ಸೇರಿದವು. ಯಾರ್ಕಂಡ್ ಎಲ್ಲಿದೆ ಎಂದು ಸರಿಯಾಗಿ ಗುರುತಿಸಲು ಆ ಕಾಗದಗಳೇ ನೆರವಾದವು.

ಅವರ ಹಿಂದೆ ಬಂದವರು ನೈನ್ ಸಿಂಗ್ ರಾವತ್. ಕುಮಾವೂನಿನ ಮಿಲಮ್ ಎಂಬ ಬೆಟ್ಟದೂರಿನವರು, ಶಾಲೆಯ ಮೇಷ್ಟ್ರು. ಅದಕ್ಕೇ ಎಲ್ಲರೂ 'ಪಂಡಿತ' ಎಂದು ಕರೆಯುತ್ತಿದ್ದರು. ಡೆಹ್ರಾಡೂನಿನಲ್ಲಿ ಅವರಿಗೆ ಕೊಟ್ಟ ತರಬೇತಿ ಕೇಳಿದರೆ ನಗು ಬರಬಹುದು: ನಡೆಯುವುದನ್ನು ಕಲಿಸಿದರು! ಏರಿರಲಿ ಇಳಿಜಾರಿರಲಿ, ಪ್ರತಿ ಹೆಜ್ಜೆಯೂ ಒಂದೇ ಅಳತೆ. 2,000 ಹೆಜ್ಜೆಗೆ ಒಂದು ಮೈಲಿ.

ಹೆಜ್ಜೆ ಎಣಿಸಲು ಜಪಸರ. ಸಾಮಾನ್ಯವಾಗಿ ಜಪಸರದಲ್ಲಿ 108 ಮಣಿ ಇರುತ್ತವೆ ಎಂದು ಅಜ್ಜಿಗೆ ಗೊತ್ತು. ಇವರದರಲ್ಲಿ 100. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಬೇಕು. ಇಡೀ ಸರ ಒಂದು ಸುತ್ತು ಬಂದರೆ 10,000 ಹೆಜ್ಜೆ, ಐದು ಮೈಲಿ. ನೋಡಿದವರಿಗೆ ಯಾರೋ ಯಾತ್ರಿಕ ಜಪ ಮಾಡುತ್ತಿದ್ದಾನೆ ಅನ್ನಿಸಬೇಕು. ಬೌದ್ಧರ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಟಿಪ್ಪಣಿಯ ಕಾಗದ ಇರುತ್ತಿತ್ತು. ಕವಡೆಯೊಳಗೆ ಪಾದರಸ. ರಾತ್ರಿ ಅದನ್ನು ಬಟ್ಟಲಿಗೆ ಸುರಿದರೆ ಅಲುಗದ ಕನ್ನಡಿಯಂತೆ ನಕ್ಷತ್ರ ಕಾಣುತ್ತದೆ. ಆ ನಕ್ಷತ್ರದ ಕೋನದಿಂದ ತಾವು ಎಷ್ಟು ಉತ್ತರಕ್ಕಿದ್ದೇವೆಂದು ಲೆಕ್ಕ ಹಾಕಬಹುದು.

ಎತ್ತರ ತಿಳಿಯಲು ಇನ್ನೂ ಸುಲಭದ ಉಪಾಯ ಇತ್ತು. ಒಲೆಯ ಮೇಲೆ ನೀರು ಕುದಿಸಿ ಥರ್ಮಾಮೀಟರ್ ಅದ್ದುವುದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಸುಮಾರು ಪ್ರತಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. 4,500 ಮೀಟರ್ ಎತ್ತರದಲ್ಲಿ 85 ಡಿಗ್ರಿಗೇ ನೀರು ಕೊತಕೊತ! ಲೇಹ್‌ನಂಥ ಊರಿನಲ್ಲಿ ಕುಕ್ಕರ್ ಇಲ್ಲದೆ ಬೇಳೆ ಸರಿಯಾಗಿ ಬೇಯದಿರುವುದೂ ಇದೇ ಕಾರಣಕ್ಕೆ.

ಹೀಗೆ ಎಣಿಸುತ್ತಾ ನೈನ್ ಸಿಂಗ್ 1865ರಲ್ಲಿ ಕಠ್ಮಂಡುವಿನ ಕಡೆಯಿಂದ ಹೊರಟು ಲಾಸಾ ಸೇರಿದರು. ಮತ್ತೆ 1874ರ ಜುಲೈಯಲ್ಲಿ ಲೇಹ್‌ನಿಂದ ಹೊರಟು, ಟಿಬೆಟ್ಟಿನ ಎತ್ತರದ ಬಯಲನ್ನು ಅಡ್ಡಹಾಯ್ದು ಲಾಸಾ ಮುಟ್ಟಿ, 1875ರಲ್ಲಿ ಅಸ್ಸಾಮಿಗೆ ಇಳಿದರು. ಸಾಮಾನು ಹೊರಲು ಕುರಿಗಳು! 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟಿತು. 2004ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ಮನೆಯಲ್ಲಿ ಹಳೆಯ ಸ್ಟ್ಯಾಂಪ್ ಆಲ್ಬಮ್ ಇದ್ದರೆ ಹುಡುಕಿ ನೋಡಿ.

ಕೊನೆಗೂ ಉಳಿದ ಖಾಲಿ ಜಾಗ

ಇಷ್ಟೆಲ್ಲ ಆದರೂ ಕೆ2ರ ಬೆನ್ನ ಹಿಂದಿನ ಶಕ್ಸ್‌ಗಾಮ್ ಕಣಿವೆ ನಕ್ಷೆಯಲ್ಲಿ ಬಹುತೇಕ ಬಿಳಿಯಾಗಿಯೇ ಉಳಿದಿತ್ತು. ಮುಂದೆ ಬೆಟ್ಟದ ಗೋಡೆ. ಒಳಗೆ ಹಿಮನದಿಗಳು. ತಳದಲ್ಲಿ ಹೊಳೆ. ಬೇಸಿಗೆಯಲ್ಲಿ ಬಿಸಿಲೇರಿದಂತೆ ಮಂಜು ಕರಗಿ, ಬೆಳಗ್ಗೆ ದಾಟಬಹುದಾಗಿದ್ದ ನೀರು ಮಧ್ಯಾಹ್ನಕ್ಕೆ ಆಳಾಗುತ್ತದೆ.

1887ರಲ್ಲಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ಎಂಬ ಯುವ ಅಧಿಕಾರಿ ಉತ್ತರದಿಂದ ಬಂದು ಈ ಕಣಿವೆ ಹಾಯ್ದು, ಮುಸ್ತಾಘ್ ಘಾಟಿಯಲ್ಲಿ ಕಾರಾಕೋರಂ ದಾಟಿದರು. ದಾರಿ ತೋರಿಸಿದವರು ವಾಲಿ ಎಂಬ ಬಾಲ್ಟಿ ಮನುಷ್ಯ. ಎಷ್ಟೋ ವರ್ಷ ಹಿಂದೆ ಅದೇ ದಾರಿಯಲ್ಲಿ ಬಂದಿದ್ದವರು ಅವರು. ಘಾಟಿಯ ಆಚೆ ಕಡಿದಾದ ಮಂಜಿನ ಇಳಿಜಾರು. ಹಗ್ಗ ಸಾಲದೆ ತಲೆಯ ರುಮಾಲು, ಸೊಂಟದ ಬಟ್ಟೆಗಳನ್ನೆಲ್ಲ ಬಿಚ್ಚಿ ಗಂಟು ಹಾಕಿದರು. ಮಂಜಿನಲ್ಲಿ ಮೆಟ್ಟಿಲು ಕಡಿಯುತ್ತಾ ವಾಲಿ ಮುಂದೆ ಇಳಿದರು. ಉಳಿದವರು ಒಬ್ಬೊಬ್ಬರಾಗಿ ಹಿಂದೆ.

1926ರಲ್ಲಿ ಸರ್ವೆ ಆಫ್ ಇಂಡಿಯಾದ ಕೆನೆತ್ ಮೇಸನ್ ಒಂದು ತಂಡ ಕಟ್ಟಿಕೊಂಡು ಮೇಲಿನ ಕಡೆಯಿಂದ ಕಣಿವೆಗೆ ಇಳಿದರು. ಜೊತೆಯಲ್ಲಿ ಅಫ್ರಾಜ್ ಗುಲ್ ಖಾನ್ ಎಂಬ ನುರಿತ ಸರ್ವೇಯರ್ ಇದ್ದರು. ಈ ಸಲ ಥಿಯೊಡೊಲೈಟಿಗೆ ಕ್ಯಾಮೆರಾ ಕೂಡಿಸಿದ್ದರು. ಒಂದೇ ಬೆಟ್ಟವನ್ನು ಎರಡು ಜಾಗದಿಂದ ಫೋಟೊ ತೆಗೆದರೆ, ನಮ್ಮ ಎರಡು ಕಣ್ಣು ದೂರವನ್ನು ತಿಳಿಯುವ ಹಾಗೆ, ಆ ಫೋಟೊಗಳಿಂದ ಉಬ್ಬು ತಗ್ಗು ಲೆಕ್ಕ ಹಾಕಬಹುದು.

ಆದರೆ ಕ್ಯಾಗರ್ ಎಂಬ ಹಿಮನದಿ ಕಣಿವೆಗೆ ಅಡ್ಡಲಾಗಿ ಮಲಗಿತ್ತು. ಅದರ ತುಂಬ ಮನೆ ಎತ್ತರದ ಮಂಜಿನ ಮೊನೆಗಳು. ದಾಟಲಾಗಲಿಲ್ಲ. ಸುತ್ತು ಹಾಕಿ ಹೋಗಿ ಇನ್ನೊಂದು ಕಣಿವೆಗೆ ಇಳಿದರು. ಇದೇ ಶಕ್ಸ್‌ಗಾಮ್‌ನ ಮುಂದಿನ ಭಾಗ ಇರಬೇಕು ಎಂದುಕೊಂಡರು. ಅಳತೆ ಮಾಡುತ್ತಾ ಹೋದಂತೆ ಅಲ್ಲವೆಂದು ಗೊತ್ತಾಯಿತು. ಮೇಸನ್ ಅದನ್ನು ಮುಚ್ಚಿಡಲಿಲ್ಲ. ಆ ಹೊಳೆಗೆ 'ಜುಗ್ ಶಕ್ಸ್‌ಗಾಮ್' ಎಂದು ಹೆಸರಿಟ್ಟರು. ಅಲ್ಲಿನ ಭಾಷೆಯಲ್ಲಿ ಜುಗ್ ಎಂದರೆ ಸುಳ್ಳು. ಮೋಸಹೋದದ್ದನ್ನು ನಕ್ಷೆಯಲ್ಲೇ ಬರೆದಿಟ್ಟರು. ಮುಂದೆ ಬರುವವರು ದಾರಿ ತಪ್ಪಬಾರದಲ್ಲ!

ಮುಂದೆ ಬಂದವರು 1937ರ ಎರಿಕ್ ಶಿಪ್ಟನ್ ತಂಡ. ಬಿಲ್ ಟಿಲ್ಮನ್, ಭೂವಿಜ್ಞಾನಿ ಜಾನ್ ಆಡೆನ್, ಸರ್ವೇಯರ್ ಮೈಕೆಲ್ ಸ್ಪೆಂಡರ್, ಆಂಗ್ ಥಾರ್ಕೆ ಮೊದಲಾದ ಏಳು ಮಂದಿ ಶೆರ್ಪಾಗಳು ಇದ್ದರು. ಸಾಮಾನು ಸಾಗಿಸಲು ಬಾಲ್ಟಿ ಹಮಾಲರು. ಇಲ್ಲಿ ಮಕ್ಕಳಿಗೆ ಒಂದು ಲೆಕ್ಕ. ಒಬ್ಬರು 25 ಕಿಲೊ ಹಿಟ್ಟು ಹೊರುತ್ತಾರೆ ಅನ್ನಿ. ದಿನಕ್ಕೆ ಒಂದು ಕಿಲೊ ಅವರ ಊಟಕ್ಕೇ ಬೇಕು. ಹನ್ನೆರಡು ದಿನ ಹೋಗಿ ಹನ್ನೆರಡು ದಿನ ವಾಪಸು ಬಂದರೆ, ಅವರು ಅಲ್ಲಿ ಬಿಟ್ಟುಬರುವುದು ಎಷ್ಟು? ಒಂದೇ ಕಿಲೊ! ಊರಿಲ್ಲದ ಕಣಿವೆಯಲ್ಲಿ ಎಷ್ಟು ದಿನ ಉಳಿಯಬಹುದು ಎಂಬುದನ್ನು ತೀರ್ಮಾನಿಸುವುದು ಧೈರ್ಯಕ್ಕಿಂತ ಹೆಚ್ಚಾಗಿ ಈ ಹಿಟ್ಟಿನ ಲೆಕ್ಕವೇ. ಹೊಳೆ ಉಕ್ಕಿ ವಾಪಸು ದಾರಿ ಮುಚ್ಚಿದರೆ ಕಥೆ ಮುಗಿದಂತೆ. ಹಾಗಾಗಿ ಶಿಪ್ಟನ್ ಸಾಮಾನನ್ನು ಆದಷ್ಟು ಕಡಿಮೆ ಮಾಡಿ, ಸಣ್ಣ ಥಿಯೊಡೊಲೈಟ್ ಮತ್ತು ಪ್ಲೇನ್ ಟೇಬಲ್ ಹೊತ್ತು ನಡೆದರು.

ಆ ಕಣಿವೆಯೊಳಗೆ ನಿಂತ ಸ್ಪೆಂಡರ್‌ಗೆ ತಾವಿರುವ ಜಾಗ ನಕ್ಷೆಯಲ್ಲಿ ಎಲ್ಲಿ ಎಂದು ತಿಳಿದದ್ದು ಹೇಗೆ? ತಲೆಯೆತ್ತಿ ನೋಡಿದರು. ಕೆ2 ಕಾಣುತ್ತಿತ್ತು. 81 ವರ್ಷ ಹಿಂದೆ ಹರಮುಖದಿಂದ ಗುರುತು ಹಾಕಿದ ಅದೇ ಶಿಖರ. ಅದರಂತೆ ಮೊದಲೇ ಸ್ಥಾನ ಗೊತ್ತಿದ್ದ ಇತರ ಶಿಖರಗಳ ಕಡೆಗೂ ಗೆರೆ ಎಳೆದರೆ, ಗೆರೆಗಳು ಕೂಡುವಲ್ಲಿ ತಾವು. ಮಾಂಟ್‌ಗಮರಿ ಆಗ ಅವಸರದಲ್ಲಿ ತಪ್ಪು ಅಳೆದಿದ್ದರೆ, ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿಯನ್ನು ಅಸಡ್ಡೆಯಿಂದ ಎಳೆದಿದ್ದರೆ, ಆ ತಪ್ಪು ಇಲ್ಲಿಯವರೆಗೂ ಬಂದು ಕಾಡುತ್ತಿತ್ತು. ಅದು ಆಗಲಿಲ್ಲ. ಆ ಒಂದೇ ಋತುವಿನಲ್ಲಿ ಶಿಪ್ಟನ್ ತಂಡ ಸುಮಾರು 1,800 ಚದರ ಮೈಲಿಯ ನಕ್ಷೆ ಮಾಡಿತು.

ಇಂದು ಶಕ್ಸ್‌ಗಾಮ್ ಚೀನಾದ ಹಿಡಿತದಲ್ಲಿದೆ. 1963ರಲ್ಲಿ ಪಾಕಿಸ್ತಾನ ಅದನ್ನು ಬಿಟ್ಟುಕೊಟ್ಟ ಒಪ್ಪಂದವನ್ನು ಭಾರತ ಒಪ್ಪಿಲ್ಲ. ಕ್ಯಾಗರ್ ಹಿಮನದಿ ಮಾತ್ರ ಹಳೆಯ ಚಾಳಿ ಬಿಟ್ಟಿಲ್ಲ. ಆಗಾಗ ಕಣಿವೆಗೆ ಅಡ್ಡಗಟ್ಟೆಯಾಗುತ್ತದೆ, ಹಿಂದೆ ನೀರು ನಿಂತು ಕೆರೆಯಾಗುತ್ತದೆ, ಒಂದು ದಿನ ಕಟ್ಟೆಯೊಡೆದು ಕೆಳಗಿನ ಯಾರ್ಕಂಡ್ ನದಿಗೆ ಪ್ರವಾಹ ಬರುತ್ತದೆ. ಯಾರೂ ವಾಸಿಸದ ಕಣಿವೆಯ ನಕ್ಷೆ ಯಾರಿಗೆ ಬೇಕು ಎಂದು ಕೇಳಿದರೆ, ಆ ನದಿಯ ದಡದವರು ಉತ್ತರ ಹೇಳುತ್ತಾರೆ.

ಆಕಾಶದ ಎರಡು ಕಣ್ಣು

2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು 11 ದಿನ ಭೂಮಿಯನ್ನು ಸುತ್ತಿ, ರೇಡಾರ್ ಕಿರಣಗಳಿಂದ ಜಗತ್ತಿನ ಬಹುಪಾಲು ನೆಲದ ಎತ್ತರ ತಗ್ಗನ್ನು ಅಳೆಯಿತು. ಆದರೂ ಹಿಮಾಲಯ, ಕಾರಾಕೋರಂನಂಥ ಕಡಿದಾದ ಬೆಟ್ಟಗಳಲ್ಲಿ ಕಿರಣ ತಲುಪದ ಕಡೆ ಆ ನಕ್ಷೆಯಲ್ಲೂ ತೂತುಗಳು ಉಳಿದವು. ಅವನ್ನು ಬೇರೆ ಅಳತೆಗಳಿಂದ ತುಂಬಬೇಕಾಯಿತು.

2005ರ ಮೇ 5ರಂದು ನಮ್ಮ ಇಸ್ರೊ ಕಾರ್ಟೊಸ್ಯಾಟ್-1 ಉಪಗ್ರಹವನ್ನು ಹಾರಿಸಿತು. ಅದರಲ್ಲಿ ಎರಡು ಕ್ಯಾಮೆರಾ. ಒಂದು ಸ್ವಲ್ಪ ಮುಂದಕ್ಕೆ, ಇನ್ನೊಂದು ಸ್ವಲ್ಪ ಹಿಂದಕ್ಕೆ ನೋಡುತ್ತದೆ. ಒಂದೇ ಬೆಟ್ಟದ ಎರಡು ಚಿತ್ರಗಳಿಂದ ಎತ್ತರದ ಲೆಕ್ಕ. ಮೇಸನ್ ಕ್ಯಾಮೆರಾದಿಂದ ಮಾಡಿದ್ದನ್ನೇ ಇದು 600 ಕಿಲೊಮೀಟರ್ ಮೇಲಿನಿಂದ ಮಾಡಿತು. ಲ್ಯಾಂಬ್ಟನ್ ಸರಪಳಿ ಎಳೆದ ಬೆಂಗಳೂರಿನಲ್ಲೇ ಇಸ್ರೊದ ಕೇಂದ್ರ ಕಚೇರಿ ಇರುವುದು ಎಷ್ಟು ಸೊಗಸು!

ನೀವೂ ನಕ್ಷೆ ಮಾಡಿ

*ಬೆಟ್ಟವನ್ನು ಚಪ್ಪಟೆ ಮಾಡುವುದು:* ಕ್ಲೇಯಿಂದ ಒಂದು ಬೆಟ್ಟ ಮಾಡಿ. ಒಂದು ಕಡೆ ಕಡಿದಾಗಿ, ಇನ್ನೊಂದು ಕಡೆ ಇಳಿಜಾರಾಗಿ ಇರಲಿ. ಅಗಲವಾದ ಪಾತ್ರೆಯಲ್ಲಿಟ್ಟು ಒಂದು ಸೆಂಟಿಮೀಟರ್ ನೀರು ಹಾಕಿ. ನೀರು ಮುಟ್ಟಿದ ಅಂಚಿನುದ್ದಕ್ಕೂ ಕಡ್ಡಿಯಿಂದ ಗೀರಿ. ಇನ್ನೊಂದು ಸೆಂಟಿಮೀಟರ್ ನೀರು, ಇನ್ನೊಂದು ಗೀರು. ತುದಿ ಮುಳುಗುವವರೆಗೆ ಹೀಗೇ ಮಾಡಿ, ನೀರು ಚೆಲ್ಲಿ, ನೇರ ಮೇಲಿನಿಂದ ನೋಡಿ. ಕಾಣುವ ಸುತ್ತುಗಳೇ ಸಮೋನ್ನತಿ ರೇಖೆಗಳು. ಕಡಿದಾದ ಕಡೆ ಅವು ಒತ್ತೊತ್ತಾಗಿರುತ್ತವೆ, ಇಳಿಜಾರಿನ ಕಡೆ ದೂರ ದೂರ. ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲಿ ಬೆಟ್ಟ ಕಾಣುವುದೂ ಹೀಗೆಯೇ.

*ಹೆಜ್ಜೆಯ ನಕ್ಷೆ:* ಮೊದಲು ಟೇಪಿನಿಂದ 20 ಮೀಟರ್ ಅಳೆದು, ಆ ದೂರಕ್ಕೆ ನಿಮಗೆಷ್ಟು ಹೆಜ್ಜೆ, ಅಜ್ಜನಿಗೆಷ್ಟು ಹೆಜ್ಜೆ ಎಂದು ಬರೆದಿಟ್ಟುಕೊಳ್ಳಿ. ಜೇಬಿನಲ್ಲಿ ಒಂದು ಹಿಡಿ ಹುಣಸೆ ಬೀಜ ಇರಲಿ. ಸಂಜೆ ಅಜ್ಜ ವಾಕಿಂಗ್ ಹೊರಟಾಗ ಜೊತೆಗೆ ನಡೆಯಿರಿ. ನೂರು ಹೆಜ್ಜೆಗೆ ಒಂದು ಬೀಜ ಬಲ ಜೇಬಿನಿಂದ ಎಡ ಜೇಬಿಗೆ. ತಿರುವು ಬಂದಲ್ಲಿ ನಿಂತು, ಎಷ್ಟು ಬೀಜ, ಯಾವ ದಿಕ್ಕು ಎಂದು ಪುಸ್ತಕದಲ್ಲಿ ಬರೆಯಿರಿ. ಮನೆಗೆ ಬಂದು ಇಬ್ಬರೂ ಬೇರೆ ಬೇರೆಯಾಗಿ ನಕ್ಷೆ ಬಿಡಿಸಿ ತಾಳೆ ನೋಡಿ. ಎರಡೂ ಹೊಂದದಿದ್ದರೆ ಮರುದಿನ ಮತ್ತೆ ನಡೆಯಿರಿ.

ಒಂದೇ ನಿಯಮ. ನಡೆಯದ ಗಲ್ಲಿಯನ್ನು ಅಂದಾಜಿನ ಮೇಲೆ ಬರೆಯಬೇಡಿ. ಅದನ್ನು ಖಾಲಿ ಬಿಡಿ, ನಾಳೆ ಅತ್ತ ಹೋಗೋಣ ಎಂದು ಅಜ್ಜನನ್ನು ಕೇಳಿ.